ಫಕೀರವ್ವನ ಬಲಭುಜ

ಆ ಊರಿನ ದಕ್ಕೆಯಲ್ಲಿ ಹಡಗಿನಿಂದ ಇಳಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದವಳು ಒಬ್ಬ ಮೀನು ಮಾರುವ ಹೆಂಗಸು. ತಕ್ಕಡಿಗೆ ಮೀನು ಹಾಕುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಎಡಗೆನ್ನೆ ಹಿಡಿದುಕೊಂಡು, ಗುಡ್ಡದ ಕಡೆ ಮುಖ ಮಾಡಿ ಬಾಯಿಗೆ ಬಂದಂತೆ ಬೈಯತೊಡಗಿದಳು. ಅವಳೆದುರು ನರಪಿಳ್ಳೆಯೂ ಇರಲಿಲ್ಲ. ಇದೇನಪ್ಪ, ಹುಚ್ಚರ ಸಂತೆಗೆ ಬಂದುಬಿಟ್ಟೆನಾ ಎಂದುಕೊಂಡು ಗಂಟನ್ನು ಎದೆಗೆ ಅವುಚಿಕೊಂಡೆ. ನನ್ನನ್ನು ಕರೆದೊಯ್ಯಲು ಬಂದಿದ್ದ ಮನೆಯೊಡತಿ ಓಸ್ಮಾ ನಕ್ಕಳು. ಅವಳ ಮನೆಯಲ್ಲಿ ಹಿಂದೆ ನಮ್ಮ ಕಡೆಯವರೇ ಬಾಡಿಗೆಗೆ ಇದ್ದರಂತೆ, ಅವರಿಂದ ತಕ್ಕಮಟ್ಟಿಗೆ ಕನ್ನಡ ಕಲಿತಿದ್ದಳು. "ಗುಡ್ಡದ ಮೇಲೆ ಇವಳ ಭಾವಮೈದುನ ಇದ್ದಾನೆ, ದರ್ಜಿ. ಹುಳುಕು ಹಲ್ಲು ಅವನದು. ಅದರ ನೋವಿನಲ್ಲಿ ಇವಳಿಗೂ ಪಾಲು. ಹಲ್ಲು ಕೀಳಿಸೋ ಮುಠ್ಠಾಳ, ನಾನು ವ್ಯಾಪಾರ ಮಾಡೋದು ಬೇಡವಾ ಅಂತ ಬೈತಿದ್ದಾಳೆ" ಎಂದಳು. ಮಳೆ ಬರುತ್ತಿದೆ, ಕೊಡೆ ತೆಗೆದುಕೋ ಎಂದಷ್ಟೇ ಸಲೀಸಾಗಿ ಹೇಳಿದಳು.

ಆ ಊರಿನಲ್ಲಿ ನೋವು ಪಾಲಾಗುತ್ತಿತ್ತು. ಯಾಕೆ, ಹೇಗೆ ಎಂದು ನನ್ನನ್ನು ಕೇಳಬೇಡಿ, ನಾನೂ ಯಾರನ್ನೂ ಕೇಳಲಿಲ್ಲ. ಕಾಯಿಲೆ ಮಾತ್ರ ಅವರವರದೇ. ಕಷಾಯ ಅವರವರೇ ಕುಡಿಯಬೇಕು, ಸಾಯುವುದೂ ಅವರವರೇ. ನೋವನ್ನು ಮಾತ್ರ ಹಂಚಿಕೊಳ್ಳಬಹುದು. ಊರಿನವರಿಗೆ ಹುಟ್ಟುತ್ತಲೇ ಮನೆಮಂದಿಯ ಜೊತೆ ಪಾಲಿರುತ್ತದೆ. ಕಡಲ ಗಾಳಿ ಒಳ್ಳೆಯದು, ಬಾಡಿಗೆ ಕಡಿಮೆ ಎಂದು ಕೊನೆಗಾಲ ಕಳೆಯಲು ಬಂದ ನಮ್ಮಂಥ ಪರದೇಶಿಗಳು ಮಾತ್ರ ಯಾರ ಜೊತೆ ಪಾಲು ಎಂದು ಆರಿಸಿಕೊಳ್ಳಬೇಕು. ಅದನ್ನು ಅವರು ಕರೆಯುತ್ತಿದ್ದ ಹೆಸರನ್ನು ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಆರೋಗ್ಯ ವಿಮೆ ಎಂದೇ ಹೇಳಬೇಕು.

ನಾನು ತಿಪಟೂರಿನವಳು, ಹೆಸರು ಸರ್ವಮಂಗಳ. ನಮ್ಮ ಯಜಮಾನರು ಷಡಕ್ಷರಯ್ಯನವರದು ಬಾಡಿಗೆ ಸೈಕಲ್ ಅಂಗಡಿ. ಅಂಗಡಿ ಮುಂದೆ ಸಾಲಾಗಿ ನಿಂತ ಸೈಕಲ್‌ಗಳು, ಪಂಕ್ಚರ್ ನೋಡುವ ನೀರಿನ ಬಾಣಲಿ, ಸೊಲ್ಯೂಷನ್ನಿನ ವಾಸನೆ, ಇವರ ಎಣ್ಣೆಗೈ. ಆಹಾ, ಈಗಲೂ ಕಣ್ಣು ಮುಚ್ಚಿದರೆ ಆ ವಾಸನೆ ಮೂಗಿಗೆ ಬರುತ್ತದೆ. ನಲವತ್ತು ದಾಟಿದ ಮೇಲೆ ನನಗೆ ಸೈಕಲ್ ಕಲಿಸಿದ ಮಹಾನುಭಾವ ಅವರು. ಹೈಸ್ಕೂಲ್ ಮೈದಾನದಲ್ಲಿ ಹಿಂದಿನ ಸೀಟು ಹಿಡಿದು ಓಡುತ್ತಾ, "ಬಿಟ್ಟಿಲ್ಲ ಕಣೇ, ಬಿಟ್ಟಿಲ್ಲ" ಎನ್ನುತ್ತಲೇ ಎಂದೋ ಬಿಟ್ಟಿದ್ದರು. ನನಗದು ಗೊತ್ತಾಗಿದ್ದು ಕಾಂಪೌಂಡಿಗೆ ಹೋಗಿ ಗುದ್ದಿದ ಮೇಲೆ. ಮಕ್ಕಳಾಗಲಿಲ್ಲ. ಆ ಕೊರಗು ಇಬ್ಬರಿಗೂ ಇತ್ತು, ಆದರೆ ನಗುವುದಕ್ಕೇನೂ ನಮ್ಮ ಮನೆಯಲ್ಲಿ ಬರ ಇರಲಿಲ್ಲ.

ಅಂಥವರಿಗೆ ಮೂಳೆಯ ಕಾಯಿಲೆ ಬಂತು. ಆಸ್ಪತ್ರೆಯ ಮಂಚದ ಮೇಲೆ ಹಲ್ಲು ಕಚ್ಚಿಕೊಂಡು ಮಲಗಿದ್ದರು. ನಾನು ಪಕ್ಕದಲ್ಲಿ ಕೂತು, ಎರಡೂ ಕೈಯಲ್ಲಿ ಅವರ ಮುಖ ನೇವರಿಸಿ, ನನ್ನ ಹಣೆಯ ಪಕ್ಕಕ್ಕೆ ಬೆರಳು ಒತ್ತಿ ಪಟಪಟ ನೆಟಿಕೆ ಮುರಿದು, "ನಿಮ್ಮ ನೋವೆಲ್ಲ ನನಗಿರಲಿ" ಎಂದೆ. ಒಂದು ಸಲವಲ್ಲ, ದಿನಾ. ಬಾಯಿಮಾತಿಗಲ್ಲ, ಹೊಟ್ಟೆಯೊಳಗಿಂದ ಹೇಳಿದೆ. ನನಗೇನೂ ಬರಲಿಲ್ಲ. ನನ್ನ ಮೈ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿಯೇ ಇತ್ತು, ಅವರು ಒಬ್ಬರೇ ನರಳಿ ನರಳಿ ಹೋದರು. ಆಮೇಲೆ ನನಗೆ ಸಾವೆಂದರೆ ಭಯವಾಗಲಿಲ್ಲ, ನೋವೆಂದರೆ ಮೈ ನಡುಗುವುದಕ್ಕೆ ಶುರುವಾಯಿತು. ಅವರ ಪಕ್ಕದಲ್ಲಿ ನಾನಾದರೂ ಇದ್ದೆ, ನನ್ನ ಪಕ್ಕದಲ್ಲಿ ಯಾರು? ಇಂಥದೊಂದು ಊರಿದೆಯಂತೆ, ಅಲ್ಲಿ ಯಾರೂ ಒಬ್ಬರೇ ನರಳುವುದಿಲ್ಲವಂತೆ ಎಂದು ಯಾರೋ ಹೇಳಿದ್ದೇ ತಡ, ಅಂಗಡಿ ಮಾರಿ ಹಡಗು ಹತ್ತಿದೆ.

ಅದೇ ಹಡಗಿನಲ್ಲಿ ಬಂದವಳು ಫಕೀರವ್ವ. ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸಿದವಳು, ನನಗಿಂತ ನಾಲ್ಕಾರು ವರ್ಷ ಚಿಕ್ಕವಳು. ಗಂಡ ಎಳೆಯ ವಯಸ್ಸಿನಲ್ಲೇ ಬಿಟ್ಟು ಹೋಗಿದ್ದ. "ಚಲೋ ಆತು ಬಿಡ್ರಿ, ಒಂದ್ ತಾಟು ಪುಕ್ಕಟೆ ಊಟ ಉಳೀತು" ಎಂದು ಅವಳೇ ನಗುತ್ತಿದ್ದಳು. ಓಸ್ಮಾಳ ಮನೆಯಲ್ಲಿ ನನ್ನದು ಕೆಳಗಿನ ಕೋಣೆ, ಅವಳದು ಪಕ್ಕದ್ದು. ಆ ದೂರದೂರಿನಲ್ಲಿ ಕನ್ನಡ ಆಡಲು ಇನ್ನೊಂದು ಬಾಯಿ ಸಿಕ್ಕಿತಲ್ಲ, ಬದುಕಿದೆಯಾ ಬಡಜೀವವೇ ಎನ್ನಿಸಿತು. ಅವಳ ಕನ್ನಡಕ್ಕೂ ನನ್ನ ಕನ್ನಡಕ್ಕೂ ದಿನಾ ಜಗಳ. ನಾನು ತಟ್ಟೆ ಎಂದರೆ ಅವಳು ತಾಟು ಎನ್ನುವಳು. ನಾನು ಚಟ್ನಿಗೆ ತೆಂಗಿನಕಾಯಿ ತುರಿದರೆ, "ಶೇಂಗಾ ಇಲ್ಲದ್ದು ಚಟ್ನಿ ಅಂತೀರೇನ್ರೀ ಮಂಗಳಕ್ಕಾರ, ಹಲ್ಲು ಬರದ ಕೂಸಿಗೆ ತಿನಸೂದದು" ಎನ್ನುವಳು. ಆದರೆ ಬಟ್ಟಲು ನೆಕ್ಕಿ ಏಳುತ್ತಿದ್ದಳು.

ಅವಳ ಬಲಗೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಆ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿದು ಬಡಿದು ಭುಜದ ಕೀಲು ಸವೆದು, ಕತ್ತಿನ ನರ ಎಲ್ಲೋ ಸಿಕ್ಕಿಕೊಂಡಿತ್ತು. ಭುಜದಿಂದ ಬೆನ್ನುಹುರಿಯವರೆಗೆ ನೋವು. ಡಾಕ್ಟರುಗಳು ಕೈಚೆಲ್ಲಿದ್ದರು. ಅವಳೇನೂ ಅದರ ಬಗ್ಗೆ ದೊಡ್ಡ ಸುದ್ದಿ ಮಾಡುತ್ತಿರಲಿಲ್ಲ. ಹಡಗಿನವನೊಬ್ಬನ ಕೈಲಿ ಜೋಳದ ಹಿಟ್ಟು ತರಿಸಿ, ನನ್ನ ಕೈಲಿ ರೊಟ್ಟಿ ತಟ್ಟಿಸುತ್ತಾ ಪಕ್ಕದಲ್ಲಿ ಕೂತು ಹುಕುಂ ಮಾಡುವಳು. ನಾನು ತಟ್ಟಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು. "ಇದೇನ್ರೀ ಇದು? ಇದನ್ನೇನು ತಿನ್ನೂದೋ, ಹರಿದ ಅಂಗಿಗೆ ತ್ಯಾಪಿ ಹಾಕೂದೋ?" ಎಂದು ನಗುವಳು. ನಗುವಾಗ ಭುಜ ಅಲುಗಿದರೆ ತಟ್ಟನೆ ನಿಲ್ಲಿಸಿ, ಮೂಗಿನಿಂದ ಉಸಿರು ಬಿಟ್ಟು, ಮತ್ತೆ ಮೆಲ್ಲಗೆ ನಗುವಳು. ಆ ಸಂಜೆಗಳು! ಸಮುದ್ರದ ಕಡೆಯ ಕಿಟಕಿ, ಕಾದ ಹಂಚು, ಓಸ್ಮಾ ಮಧ್ಯೆ ಬಂದು ಒಂದು ರೊಟ್ಟಿ ಕದ್ದು ಓಡುವುದು. ಸಿಕ್ಕಿದ್ದನ್ನು ಸಿಕ್ಕಾಗ ಸುಖ ಎಂದು ಯಾರು ಅಂದುಕೊಳ್ಳುತ್ತಾರೆ ಹೇಳಿ. ಹಿಟ್ಟು ಜಿಗುಟಾಗಿದೆ ಎಂದು ಗೊಣಗುತ್ತಾ ಕೂತಿದ್ದೆ ನಾನು.

ವಿಮೆ ಆರಿಸಲು ನಮಗೆ ಮಳೆಗಾಲದವರೆಗೆ ಗಡುವಿತ್ತು. ಮಳೆ ಹಿಡಿಯಿತೆಂದರೆ ಆ ಕಡಲಲ್ಲಿ ಹಡಗು ಓಡುವುದಿಲ್ಲ. ಒಬ್ಬರೇ ನರಳುವವರು ಮಳೆಗಾಲದಲ್ಲಿ ಊರಿನೊಳಗೆ ಇರಬಾರದು ಎನ್ನುವುದು ಅವರ ಹಳೆಯ ಕಟ್ಟಳೆ. ಕೇಳುವುದಕ್ಕೆ ಎಷ್ಟು ಕರುಣೆಯ ಮಾತು ನೋಡಿ. ಆದರೆ ಪಾಲುದಾರರು ಸಿಗದಿದ್ದರೆ ಏನು ಮಾಡುತ್ತಿದ್ದರು ಎಂದರೆ, ಕೈಗೆ ಒಂದು ಬುಟ್ಟಿ ಬ್ರೆಡ್ಡು ಕೊಟ್ಟು ಕೊನೆಯ ಹಡಗು ಹತ್ತಿಸುತ್ತಿದ್ದರು. ಎಲ್ಲ ಊರಿನ ಕರುಣೆಯೂ ಎಲ್ಲೋ ಒಂದು ಕಡೆ ಹೀಗೆ ಮೊಂಡಾಗುತ್ತದೆ.

ಪಾಲು ಕಚೇರಿಯ ಅಧಿಕಾರಿ ಬೆಲಿನೋ ಎಂಬ ಸಣಕಲು ಮನುಷ್ಯ ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಗೆಬಗೆಯ ವಿಮೆ ವಿವರಿಸಿದ. ಓಸ್ಮಾ ಪಕ್ಕದಲ್ಲಿ ಕೂತು ಕನ್ನಡ ಮಾಡಿದಳು. ಒಂದು, ಊರಿನವರೂ ಪರದೇಶದವರೂ ಸೇರಿದ ನೂರು ಮಂದಿಯ ಕೂಟ. ನಮ್ಮ ಚೀಟಿ ವ್ಯವಹಾರದ ಹಾಗೆ. ನಿನ್ನ ನೋವು ನೂರು ಚೂರಾಗಿ ಹಂಚಿಹೋಗುತ್ತದೆ, ಅವರದೂ ಚೂರು ಚೂರು ನಿನಗೆ ಬರುತ್ತದೆ. ಒಂದು ದಿನ ಯಾರದೋ ಒಡೆದ ಹಿಮ್ಮಡಿ, ಇನ್ನೊಂದು ದಿನ ಯಾರದೋ ತಲೆಭಾರ, ಸೊಳ್ಳೆ ಕಚ್ಚಿದಷ್ಟು. ಇನ್ನೊಂದು, ಮನೆತನದ ಪಾಲು. ಊರಿನ ಒಂದು ಕುಟುಂಬ ನಿನ್ನನ್ನು ಸೇರಿಸಿಕೊಳ್ಳುತ್ತದೆ, ಆದರೆ ಅವರ ಹೆರಿಗೆ ಬಾಣಂತನಗಳ ನೋವಿಗೂ ನೀನು ತಯಾರಿರಬೇಕು. "ಈ ವಯಸ್ಸಿಗೆ ಹೆರಿಗೆ ನೋವಾ! ಬೇಡಪ್ಪ ದಮ್ಮಯ್ಯ" ಎಂದು ಕೈಮುಗಿದೆ. "ಜೋಡಿ ಪಾಲೂ ಇದೆ, ಇಬ್ಬರೇ, ಅರ್ಧ ಅರ್ಧ" ಎಂದ ಬೆಲಿನೋ, "ಅದನ್ನ ಪರದೇಶದವರು ತಗೊಳ್ಳೋದಿಲ್ಲ, ಬಿಡಿ. ಇಲ್ಲಿನವರು ಮದುವೆಯಲ್ಲಿ ತಗೊಳ್ತಾರೆ" ಎಂದು ಅದನ್ನು ಪಕ್ಕಕ್ಕೆ ಸರಿಸಿಬಿಟ್ಟ.

ನಾವಿಬ್ಬರೂ ನೂರು ಮಂದಿಯ ಕೂಟವನ್ನೇ ಕೇಳಿದೆವು. ಸೇರಿಸಿಕೊಳ್ಳುವ ಮೊದಲು ಒಂದಿಷ್ಟು ಹೊತ್ತು ರುಚಿ ನೋಡುವ ಪದ್ಧತಿ ಇತ್ತು. ನನ್ನದು ಬರೀ ಮಂಡಿನೋವು. ನೂರು ಜನ ಒಂದು ಸಲ ಮಂಡಿ ತುರಿಸಿಕೊಂಡು, ಆಗಬಹುದು ಎಂದರು. ಮಾರನೇ ದಿನ ಫಕೀರವ್ವನದು. ಆ ದಿನವನ್ನು ಊರು ಬಹಳ ಕಾಲ ಮರೆಯಲಿಲ್ಲ. ಕ್ಷೌರಿಕನ ಕತ್ತರಿ ಯಾರದೋ ಕಿವಿ ಸವರಿತು. ಬ್ರೆಡ್ಡಿನ ಭಟ್ಟಿಯವನು ಹಿಟ್ಟಿನ ಮೂಟೆಯ ಮೇಲೆ ಕುಸಿದ. ಚರ್ಚೆ ಮಾಡುತ್ತಿದ್ದ ಇಬ್ಬರು ವಕೀಲರು ಒಟ್ಟಿಗೇ ಭುಜ ಹಿಡಿದು ಸುಮ್ಮನಾದರು. ನೂರಲ್ಲಿ ಒಂದು ಚೂರು ಸ್ವಾಮಿ, ಒಂದೇ ಒಂದು ಚೂರು! ಸೊಳ್ಳೆ ಕಚ್ಚಿದಷ್ಟಕ್ಕೇ ಒಗ್ಗಿದ್ದ ಮೈಗಳಿಗೆ ಅಷ್ಟೂ ತಡೆಯಲಾಗಲಿಲ್ಲ. ಸಂಜೆಗೆ ಕೂಟದ ಹಿರಿಯರು ಟೋಪಿ ಕೈಯಲ್ಲಿ ಹಿಡಿದು ಬಂದು, ಕ್ಷಮಿಸಬೇಕು, ಇದು ಹಳೆಯ ನೋವು, ಹಳೆಯ ನೋವಿಗೆ ನಮ್ಮಲ್ಲಿ ಜಾಗವಿಲ್ಲ ಎಂದು ತಲೆತಗ್ಗಿಸಿ ಹೋದರು. ಬ್ರೆಡ್ಡಿನ ಬುಟ್ಟಿ ಬಾಗಿಲ ಬಳಿ ಕೂತಿತ್ತು.

"ಬ್ಯಾರೇ ಯಾರರ ಸಿಗ್ತಾರ ತಗೋ" ಎಂದು ನಾನೂ ಅವಳ ಮಾತಿನಲ್ಲೇ ಸಮಾಧಾನ ಹೇಳಲು ಹೋದೆ. ಅವಳು ಬ್ರೆಡ್ಡು ಮುರಿದು ಹಕ್ಕಿಗಳಿಗೆ ಹಾಕುತ್ತಾ, "ಯಾಕ ಸಿಗಬೇಕ್ರಿ? ನಾನಾಗಿದ್ರ ನಾನರ ತಗೋತಿದ್ದೆನೇನು ಈ ದರಿದ್ರ ಭುಜಾನ? ಹೋಗ್ತೇನಿ. ಹುಬ್ಬಳ್ಳ್ಯಾಗ ಒಂದು ಖೋಲಿ ಹಿಡದು ಬಿದ್ದಿರ್ತೇನಿ" ಎಂದಳು. ಅಲ್ಲಿ ಅವಳಿಗೆ ಯಾರೂ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ನಿಜ ಹೇಳುತ್ತೇನೆ, ಜೋಡಿ ಪಾಲು ಎನ್ನುವ ಮಾತು ನನ್ನ ತಲೆಯೊಳಗೆ ಸುಳಿಯಲೂ ಇಲ್ಲ. ನೂರು ಜನರನ್ನು ಮಲಗಿಸಿದ ನೋವು ಅದು. ನೋವಿಗೆ ಹೆದರಿ ದೇಶ ಬಿಟ್ಟವಳು ನಾನು.

ಕೊನೆಯ ಹಡಗಿಗೆ ಇನ್ನು ಮೂರು ದಿನ ಇದೆ ಎನ್ನುವಾಗ ಓಸ್ಮಾ ಬೀಳ್ಕೊಡುಗೆಯ ಊಟ ಇಟ್ಟುಕೊಂಡಳು. ಮಧ್ಯಾಹ್ನದ ಬಿಸಿಲು, ಹಿತ್ತಲಿನಲ್ಲಿ ಮೇಜು, ಬೀದಿಯ ನಾಲ್ಕು ಜನ. ಫಕೀರವ್ವ ತನ್ನ ಇಳಕಲ್ಲು ಸೀರೆ ಉಟ್ಟಿದ್ದಳು, ಸೆರಗು ನಾನೇ ಹೊದಿಸಿದ್ದೆ. ಎಲ್ಲರಿಗೂ ಎಡಗೈಯಲ್ಲೇ ಬಡಿಸುತ್ತಾ, ಒಬ್ಬೊಬ್ಬರನ್ನೂ ಚುಡಾಯಿಸುತ್ತಾ ಓಡಾಡಿದಳು. ನನ್ನ ಬಳಿ ಬಂದು ಎಣಗಾಯಿ ಬಡಿಸುವಾಗ, "ತಿನ್ರೀ ಮಂಗಳಕ್ಕ. ಇನ್ನ ಮೂರು ದಿನ ಕಳದ್ರ ನಿಮ್ಮ ತ್ಯಾಪಿ ರೊಟ್ಟೀಗೆ ನಗೂವ್ರು ಯಾರೂ ಇರಂಗಿಲ್ಲ" ಎಂದಳು. ಬಾಯಿ ನಗುತ್ತಿತ್ತು. ಕಣ್ಣು ಎಲ್ಲೋ ಇತ್ತು.

ನನಗೆ ತಡೆಯಲಾಗಲಿಲ್ಲ. ಎದ್ದು, ಎರಡೂ ಕೈಯಲ್ಲಿ ಅವಳ ಮುಖ ನೇವರಿಸಿ, ನನ್ನ ಹಣೆಗೆ ಬೆರಳೊತ್ತಿ ಪಟಪಟನೆ ನೆಟಿಕೆ ಮುರಿದು, "ನನ್ನ ಬಂಗಾರ, ನಿನ್ನ ನೋವೆಲ್ಲ ನನಗಿರಲಿ ಕಣೇ" ಎಂದುಬಿಟ್ಟೆ. ನಮ್ಮ ಕಡೆ ಯಾರು ಹೇಳುವುದಿಲ್ಲ? ಪಕ್ಕದ ಮನೆಯ ಮಗುವಿಗೂ ಹೇಳುತ್ತೇವೆ, ಮದುವಣಗಿತ್ತಿಗೂ ಹೇಳುತ್ತೇವೆ, ಹೊಸ ಬಟ್ಟೆ ಹಾಕಿಕೊಂಡು ಬಂದು ಕಾಲಿಗೆ ಬಿದ್ದ ಯಾರಿಗಾದರೂ ಹೇಳುತ್ತೇವೆ.

ಓಸ್ಮಾಳ ಕೈಯಿಂದ ಚಮಚ ಬಿತ್ತು. ಅವಳು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಮೇಜಿನ ಸುತ್ತ ಇದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು. ಯಾರೋ ಒಬ್ಬ ಮುದುಕ ಕಣ್ಣೊರೆಸಿಕೊಂಡ. ಏನಾಯಿತೇ ಎಂದರೆ ಓಸ್ಮಾ ನನ್ನ ಕೈ ಹಿಡಿದುಕೊಂಡು, "ಜೋಡಿ ಪಾಲು ಹೀಗೇ ಅಲ್ಲವಾ! ಎರಡು ಕೈಯಲ್ಲಿ ಮುಖ ಹಿಡಿದು, ಸಾಕ್ಷಿ ಮುಂದೆ, ನಿನ್ನದು ನನಗಿರಲಿ ಅನ್ನೋದು. ನಿಮ್ಮ ಕಡೇನೂ ಹೀಗೇ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಬೆರಳು ಬೇರೆ ಮುರಿದಿರಿ, ಅಷ್ಟು ಗಟ್ಟಿಯಾಗಿ ನಾವೂ ಹೇಳೋದಿಲ್ಲ" ಎಂದಳು.

ನಾನು ಬೇಡ ಬೇಡ ಎಂದು ಕೈಯಾಡಿಸಿದೆ. "ಅಯ್ಯೋ ಓಸ್ಮಾ, ಅದು ಹಾಗಲ್ಲ. ಅದು ಸುಮ್ಮನೆ, ಪ್ರೀತಿಗೆ ಹೇಳೋ ಮಾತು. ನಮ್ಮ ಕಡೆ ಎಲ್ಲರೂ ಹೇಳ್ತಾರೆ" ಎಂದೆ. ಓಸ್ಮಾ ನನ್ನ ಮುಖವನ್ನೇ ನೋಡಿದಳು. ಅವಳ ದನಿಯಲ್ಲಿ ಕುಹಕ ಇರಲಿಲ್ಲ, ನಿಜವಾಗಿ ತಿಳಿಯದೆ ಕೇಳಿದಳು: "ನಿಮ್ಮೂರಲ್ಲಿ ಈ ಮಾತನ್ನ ಸುಮ್ಮನೆ ಹೇಳ್ತಾರಾ?"

ಏನು ಹೇಳಲಿ? ಸುಮ್ಮನೆ ಎಂದರೆ ಆಸ್ಪತ್ರೆಯ ಮಂಚದ ಪಕ್ಕ ಕೂತಿದ್ದ ನನ್ನನ್ನು ನಾನೇ ಸುಳ್ಳುಗಾತಿ ಮಾಡಿದ ಹಾಗೆ. ಸುಮ್ಮನೆ ಅಲ್ಲ ಎಂದರೆ ಈ ಭುಜ ನನ್ನ ಪಾಲಿಗೆ. ನಾನು ಬಗ್ಗಿ, ಬಿದ್ದಿದ್ದ ಚಮಚ ಎತ್ತಿ ಸೆರಗಿನಲ್ಲಿ ಒರೆಸತೊಡಗಿದೆ.

ಫಕೀರವ್ವನಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಜನ ಹೋಗುವುದನ್ನೇ ಕಾದಿದ್ದು ನನ್ನ ಕೋಣೆಗೆ ನುಗ್ಗಿದಳು. "ತಲಿ ಕೆಟ್ಟದೇನ್ರೀ ನಿಮಗ? ಯಾರು ಹೇಳಿದ್ರು ನಿಮಗ ದಾನಶೂರ ಕರ್ಣ ಆಗು ಅಂತ?" "ನಾನೇನು ಬೇಕಂತ ಮಾಡಿದ್ನೇನೇ? ಬಾಯಿಗೆ ಬಂತು, ಅಂದೆ." "ಹಂಗಾರ ಹೋಗಿ ಇಲ್ಲ ಅಂತ ಹೇಳಿ ಬರ್ರಿ. ಈಗಿಂದೀಗ!" "ಹೇಳ್ತೀನಿ ಬಿಡು." "ನಾಳೀಗೇ ಹೇಳ್ರಿ." "ಹೇಳ್ತೀನಿ ಅಂದ್ನಲ್ಲೇ, ಎಷ್ಟು ಸಲ ಬಡ್ಕೋತೀಯ!" ಇಷ್ಟಾದ ಮೇಲೆ ಇಬ್ಬರೂ ಮುಖ ತಿರುಗಿಸಿಕೊಂಡು ಕೂತೆವು. ಹಡಗಿನಲ್ಲಿ ಬಂದಂದಿನಿಂದ ಮೊದಲ ಬಾರಿಗೆ ಆ ಸಂಜೆ ರೊಟ್ಟಿ ಮಾಡಲಿಲ್ಲ.

ಮಾತು ಆಡಿದವರು ಮೂರು ದಿನದೊಳಗೆ ಪಾಲು ಕಚೇರಿಗೆ ಹೋಗಬೇಕಿತ್ತು. ಅಲ್ಲಿ ಮೇಜಿನ ಮೇಲೆ ಅಗಲವಾದ ಒಂದು ಬೋಗುಣಿ, ಅದರಲ್ಲಿ ಸಮುದ್ರದ ನೀರು. ಇಬ್ಬರೂ ಅದರಲ್ಲಿ ಒಟ್ಟಿಗೆ ಕೈ ಅದ್ದಿದರೆ ಪಾಲು ಶುರು. ಅದ್ದದೆ ಎದ್ದು ಬಂದರೆ ಆಡಿದ ಮಾತು ಬಿದ್ದುಹೋಗುತ್ತದೆ, ಆಮೇಲೆ ಯಾರೂ ಯಾರನ್ನೂ ಏನೂ ಅನ್ನುವುದಿಲ್ಲ. ಎರಡು ದಿನ ನಾನು ಹೋಗಲಿಲ್ಲ. ಬೀದಿಯಲ್ಲಿ ಸಿಕ್ಕವರೆಲ್ಲ ನನಗೆ ನಮಸ್ಕಾರ ಮಾಡುತ್ತಿದ್ದರು. ಬ್ರೆಡ್ಡಿನ ಭಟ್ಟಿಯವನು, ಅದೇ ಮೂಟೆಯ ಮೇಲೆ ಕುಸಿದವನು, ನನ್ನ ಭುಜವನ್ನು ಮೆಲ್ಲಗೆ ಮುಟ್ಟಿ ತಲೆಯಾಡಿಸಿದ. ನನಗೆ ಊಟ ಸೇರಲಿಲ್ಲ. ಇವಳು ಹೋದರೆ ಹೇಗೆ ಎಂದು ಒಂದು ಗಳಿಗೆ, ಇದು ಬಂದರೆ ಹೇಗೆ ಎಂದು ಇನ್ನೊಂದು ಗಳಿಗೆ. ಷಡಕ್ಷರಯ್ಯನವರು ಇದ್ದಿದ್ದರೆ ಕೇಳಬಹುದಿತ್ತು. ಅವರು ಇದ್ದಿದ್ದರೆ ಈ ಊರಿಗೆ ನಾನೇಕೆ ಬರುತ್ತಿದ್ದೆ ಎಂದು ಅದಕ್ಕೂ ಅಳು.

ಕೊನೆಯ ದಿನ ಬೆಳಗ್ಗೆ ಫಕೀರವ್ವ ಗಂಟು ಕಟ್ಟಿಟ್ಟು, ತಾನೇ ಬಂದು ನನ್ನನ್ನು ಎಬ್ಬಿಸಿದಳು. "ನಡೀರಿ. ನಿಮ್ಮ ಕೂಡ ನಾನೂ ಬರ್ತೇನಿ. ಬ್ಯಾಡ ಅಂತ ಹೇಳಿ, ಹಂಗ ನನ್ನ ಹಡಗ ಹತ್ತಿಸಿ ಬರೀರಂತ." ಓಸ್ಮಾಳೂ ಜೊತೆಗೆ ಬಂದಳು. ಆಕಾಶ ಕಪ್ಪಿಟ್ಟಿತ್ತು, ದಕ್ಕೆಯಲ್ಲಿ ಸಾಮಾನು ಏರಿಸುತ್ತಿದ್ದರು.

ಬೆಲಿನೋ ಬೋಗುಣಿಯನ್ನು ಮುಂದೆ ಸರಿಸಿ ಕೇಳಿದ. ಓಸ್ಮಾ ತಿರುಗಿಸಿ ಹೇಳಿದಳು: "ಕೂಟದಲ್ಲಿ ನಿಮ್ಮ ಜಾಗ ಇನ್ನೂ ಇದೆಯಂತೆ. ಜೋಡಿ ತಗೊಂಡರೆ ಅದು ಹೋಗುತ್ತಂತೆ. ಯೋಚನೆ ಮಾಡಿ ಅಂತಿದ್ದಾರೆ." ಫಕೀರವ್ವ ಬಾಗಿಲ ಬಳಿ ನಿಂತು, "ಅದರಾಗ ಯೋಚನಿ ಏನೈತ್ರಿ, ಬ್ಯಾಡ ಅಂತಾರವರು" ಎಂದಳು.

ನಾನು ತಿರುಗಿ ಅವಳನ್ನೇ ಕೇಳಿದೆ. "ಒಂದು ಮಾತು ನಿಜ ಹೇಳು. ಎಷ್ಟು ನೋಯುತ್ತೆ?"

ಅವಳು ಆ ಕಡೆ ನೋಡಿದಳು. "ಏನಿಲ್ರೀ. ಸ್ವಲ್ಪ."

ಆ ಮಾತು ನಾನು ಮೊದಲೂ ಕೇಳಿದ್ದೆ. ನಮ್ಮ ಯಜಮಾನರೂ ಹಾಗೇ ಹೇಳುತ್ತಿದ್ದರು. ತುಟಿ ಕಚ್ಚಿ ತುಟಿಯಲ್ಲಿ ರಕ್ತ ಜಿನುಗುತ್ತಿದ್ದಾಗಲೂ, ಏನ್ರೀ ನೋವಾ ಎಂದರೆ, "ಏನಿಲ್ಲ ಕಣೇ, ಸ್ವಲ್ಪ" ಎನ್ನುತ್ತಿದ್ದರು. ಅವರು ಹೋಗುವವರೆಗೂ ಆ ಸ್ವಲ್ಪ ಎಷ್ಟು ಎಂದು ನನಗೆ ತಿಳಿಯಲೇ ಇಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದ ಗಂಡ, ಮೂರು ಗೇಣು ದೂರದಲ್ಲಿ ಮಲಗಿದ್ದ, ಆ ಮೂರು ಗೇಣು ದಾಟಲು ನನ್ನಿಂದ ಆಗಲಿಲ್ಲ. ಯಾಕೆಂದರೆ ನಮ್ಮೂರಿನಲ್ಲಿ ಬೋಗುಣಿ ಇರಲಿಲ್ಲ. ಇಲ್ಲಿ ಇದೆ.

"ಬಾರೇ ಇಲ್ಲಿ" ಎಂದೆ. "ಯಾಕ್ರಿ?" "ಬಾ ಅಂದ್ರೆ ಬಾ. ನಿನ್ನ ಸ್ವಲ್ಪ ಎಷ್ಟು ಅಂತ ನೋಡಿಬಿಡ್ತೀನಿ ಇವತ್ತು." ಅವಳು ಹಿಂದೆ ಸರಿದಳು. ನಾನೇ ಹೋಗಿ ಅವಳ ಬಲಗೈ ಹಿಡಿದೆ. ಆ ಕೈ ಎಳೆದುಕೊಳ್ಳುವ ಶಕ್ತಿ ಅವಳಿಗೆಲ್ಲಿತ್ತು? ಎಳೆದರೆ ನೋವು. ಮಗುವನ್ನು ಕರೆತರುವ ಹಾಗೆ ಮೆಲ್ಲಗೆ ಕರೆತಂದು, ನನ್ನ ಕೈಯ ಜೊತೆ ಅವಳ ಕೈಯನ್ನೂ ನೀರಿಗೆ ಇಳಿಸಿದೆ. ಬೆಲಿನೋ ಗಾಬರಿಯಿಂದ ಎದ್ದು ನಿಂತು, ಅವರಿಗೆ ಒಪ್ಪಿಗೆಯೋ, ಇಲ್ಲದಿದ್ದರೆ ಕೈ ತೆಗೆಯಲಿ ಎಂದ. ನಾನು ಹಿಡಿತ ಬಿಟ್ಟೆ. ಫಕೀರವ್ವ ನೀರನ್ನೇ ನೋಡುತ್ತಾ ನಿಂತಳು. "ಆಮ್ಯಾಲ ನನ್ನ ಬೈಬಾರದು ನೋಡ್ರಿ ಮತ್ತ" ಎಂದಳು. ಕೈ ತೆಗೆಯಲಿಲ್ಲ.

ಮೊದಲು ಏನೂ ಆಗಲಿಲ್ಲ. ಅಯ್ಯೋ, ಇಲ್ಲೂ ಹಾಗೇನಾ ಎನ್ನುವಷ್ಟರಲ್ಲಿ ಬಂತು. ಭುಜದೊಳಗೆ ಯಾರೋ ಕೆಂಡ ಇಟ್ಟು ಊದಿದ ಹಾಗೆ. ಅಲ್ಲಿಂದ ಕತ್ತಿಗೆ, ಬೆನ್ನಿಗೆ, ಬೆರಳಿನ ತುದಿಗೆ. ಕಚೇರಿಯ ನೆಲದ ಮೇಲೆ ಧೊಪ್ಪನೆ ಕೂತೆ. ಉಸಿರು ತೆಗೆದುಕೊಂಡರೆ ನೋವು, ಬಿಟ್ಟರೆ ನೋವು. ಇದು ಅರ್ಧ! ಪಾಪಿ ಮುಂಡೇದು ಇಷ್ಟು ದಿನ ಇಡೀ ಹೊತ್ತುಕೊಂಡು ನನ್ನ ರೊಟ್ಟಿ ನೋಡಿ ನಗುತ್ತಿತ್ತು. ಆಸ್ಪತ್ರೆಯಲ್ಲಿ ನಮ್ಮ ಯಜಮಾನರು ಇಡೀ ಹೊತ್ತುಕೊಂಡು, ಹೋಗಿ ಕಾಫಿ ಕುಡಿದು ಬಾ ಎಂದು ನನ್ನನ್ನು ಕಳಿಸುತ್ತಿದ್ದರು. ನನಗೆ ಜೋರಾಗಿ ಅಳು ಬಂತು. ನೋವಿಗೆ ಅಲ್ಲ, ಅಥವಾ ನೋವಿಗೇ ಇರಬೇಕು, ಯಾವುದಕ್ಕೆ ಎಂದು ಬಿಡಿಸಲು ಆಗಲಿಲ್ಲ.

ಫಕೀರವ್ವ ನನ್ನೆದುರು ಕುಕ್ಕರಗಾಲಲ್ಲಿ ಕೂತು, ಸೆರಗಿನಿಂದ ನನ್ನ ಮುಖ ಒರೆಸಿದಳು. ಒರೆಸುತ್ತಿದ್ದದ್ದು ಬಲಗೈ ಎಂದು ಇಬ್ಬರಿಗೂ ಒಂದು ಕ್ಷಣ ಬಿಟ್ಟು ಹೊಳೆಯಿತು. ಅವಳು ಆ ಕೈಯನ್ನೇ ನೋಡಿಕೊಂಡಳು. "ಭಾಳ ನೋಯಾಕ್ಹತ್ತೇತೇನ್ರೀ ಮಂಗಳಕ್ಕ?"

ಏನಿಲ್ಲ ಎನ್ನಲು ಬಾಯಿ ತೆರೆದೆ. ಯಾರ ಮುಂದೆ ಹೇಳಲಿ ಆ ಸುಳ್ಳನ್ನು? ಸರಿಯಾಗಿ ಅಷ್ಟೇ ಅವಳೊಳಗೂ ಇತ್ತು. "ತುಂಬಾ ನೋಯುತ್ತೆ ಕಣೇ" ಎಂದೆ. "ತಡೆಯೋಕಾಗದಷ್ಟು ನೋಯುತ್ತೆ."

"ಹೌದ್ರೀ" ಎಂದಳು ಫಕೀರವ್ವ. "ಹೌದ್ರೀ, ಭಾಳ ನೋಯ್ತದ. ಭಾಳ ನೋಯ್ತಿತ್ತ್ರೀ ನನಗ." ಅಷ್ಟು ಹೇಳಿ, ಎಷ್ಟೋ ವರ್ಷದ ಅಳುವನ್ನೆಲ್ಲ ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಬೆಲಿನೋ ಕಿಟಕಿಯ ಕಡೆ ತಿರುಗಿ ನಿಂತ.

ಏಳು ಮಳೆಗಾಲ ಅವಳ ಅರ್ಧ ನನ್ನ ಬಳಿ ಇತ್ತು. ನನ್ನ ಮಂಡಿಯ ಅರ್ಧ ಅವಳ ಬಳಿ ಹೋಗಿತ್ತು. "ಇದೇನ್ರೀ ಮಂಡಿ ಇದು, ಎಣ್ಣಿ ಕಾಣದ ಬಾಗಲದಂಗ" ಎಂದು ಬೈಯುವಳು. ಬದುಕಿನಲ್ಲಿ ಯಾರೂ ನನ್ನ ಮಂಡಿಯನ್ನು ಅಷ್ಟು ವಿಚಾರಿಸಿಕೊಂಡಿರಲಿಲ್ಲ. ನಾನು ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಭುಜ ಚಳಕ್ ಎಂದರೆ, ಅಟ್ಟದ ಡಬ್ಬಿಗೆ ಕೈ ಹಾಕಿದ್ದಾಳೆ ಎಂದು ತಿಳಿದು, ದಕ್ಕೆಯ ಆ ಹೆಂಗಸಿನ ಹಾಗೆ ನಡುಬೀದಿಯಲ್ಲಿ ನಿಂತು ಬೈಯುತ್ತಿದ್ದೆ. ಯಾರೂ ತಿರುಗಿ ನೋಡುತ್ತಿರಲಿಲ್ಲ. ನೋವು ಅಭ್ಯಾಸವಾಯಿತು ಎಂದು ಹೇಳಲಾರೆ, ಅದು ಆಗುವಂಥದ್ದಲ್ಲ. ಆದರೆ ಎಚ್ಚರವಾದಾಗ ಮೊದಲು ಭುಜ ನೋಯುವುದು, ಓ ಇದ್ದಾಳೆ ಎಂದುಕೊಂಡು ಏಳುವುದು, ಇದು ಅಭ್ಯಾಸವಾಯಿತು.

ಹೋದ ತಿಂಗಳು ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದೆ. ಇದ್ದಕ್ಕಿದ್ದಂತೆ ಭುಜ ಹಗುರವಾಯಿತು. ಪೂರಾ ಹಗುರ. ಬಾಯಿ ಮುಕ್ಕಳಿಸದೆ ಪಕ್ಕದ ಕೋಣೆಗೆ ಓಡಿದೆ. ಓಡಿ ಏನು ಪ್ರಯೋಜನ, ನನಗೆ ಗೊತ್ತಾಗಿ ಹೋಗಿತ್ತು. ನಿದ್ದೆಯಲ್ಲೇ ಹೋಗಿದ್ದಳು, ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ.

ಹೊಸ ಪಾಲು ಆರಿಸಬೇಕು ಎಂದು ಬೆಲಿನೋ ಹೇಳಿ ಕಳಿಸಿದ್ದಾನೆ. ಹೋಗುತ್ತೇನೆ, ಮಳೆಗೆ ಇನ್ನೂ ದಿನವಿದೆ. ದಾರಿಯಲ್ಲಿ ಸಿಕ್ಕವರು, ಭುಜ ಹೇಗಿದೆ ಎಂದು ಮೆಲ್ಲಗೆ ಕೇಳುತ್ತಾರೆ. ಏನೂ ನೋವಿಲ್ಲ ಎನ್ನುತ್ತೇನೆ. ಅವರು ತಲೆತಗ್ಗಿಸಿ, ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಾರೆ.